ಒಂದೂವರೆ ಸುತ್ತು

ಗುರುಗ್ರಾಮ
9 ಫೆಬ್ರವರಿ 2025

ಸ್ವಸ್ತಿ! ಸಮಸ್ತ ಗ್ಯಾರೇಜ್ ಭುವನಾಶ್ರಯ, ಶ್ರೀ ಪಿಸ್ಟನ್‌ವಲ್ಲಭ, ಕ್ರ್ಯಾಂಕ್‌ಶಾಫ್ಟ್ ಕುಲತಿಲಕ, ಗ್ರೀಸ್‌ಲೇಪಿತ ಬಾಹುದಂಡ, ಬೆಳಗಾವಿ ಪುರವರಾಧೀಶ್ವರ ಶ್ರೀಮನ್ಮಹಾ ಶಂಕರ ಮಾಮ ಅವರ ಸ್ಪ್ಯಾನರ್ ಸನ್ನಿಧಾನಕ್ಕೆ,

ವಸಂತ್ ಕುಂಜದ ಮೂರನೆಯ ಮಹಡಿಯ ಯುವರಾಜನೂ, ಈಶ್ವರಪ್ಪ ಮತ್ತು ವೈಜಯಂತಿ ದಂಪತಿಯ ಏಕಮಾತ್ರ ಪುತ್ರನೂ, ಸೋಮವಾರದಿಂದ ಶುಕ್ರವಾರದವರೆಗೆ ಗುರುಗ್ರಾಮದ ಹದಿನೇಳನೆಯ ಮಹಡಿಯಲ್ಲಿ ಕೂತು ಯಾವುದೋ ವಿಮಾ ಕಂಪನಿಯ ಎಕ್ಸೆಲ್ ಹಾಳೆಗಳಿಗೆ ಬಣ್ಣ ಹಚ್ಚುವವನೂ ಆದ ಧನುಷ್ ಸಾಷ್ಟಾಂಗ ನಮಸ್ಕರಿಸಿ ಬಿನ್ನವಿಸಿಕೊಳ್ಳುವುದೇನೆಂದರೆ:

ಕಳೆದ ಸೆಪ್ಟೆಂಬರಿನಲ್ಲಿ ನೀವು ನನ್ನ ಅಮ್ಮನಿಗೆ ಬರೆದ ಪತ್ರ ತಲುಪಿದೆ. ತಲುಪಿದ್ದು ಆಗಲೇ, ಒಡೆದದ್ದು ನಿನ್ನೆ. ಅಮ್ಮ ಅದನ್ನು ಓದಲಿಲ್ಲ. ಆಗಸ್ಟ್ 29ರ ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದಳು, ಸಂಜೆಗೆ ಹೋದಳು. ಮೆದುಳಿನಲ್ಲಿ ರಕ್ತಸ್ರಾವ ಎಂದರು. ನಿಮ್ಮ ಪತ್ರ ಬಂದಾಗ ನೆಂಟರು ಇನ್ನೂ ಮನೆಯಲ್ಲಿದ್ದರು. ಯಾರೋ ಅದನ್ನು ಕರೆಂಟ್ ಬಿಲ್ಲಿನ ಜೊತೆ ಡ್ರಾಯರಿಗೆ ಹಾಕಿದ್ದರು. ತಿಳಿಸಲು ತಡವಾಯಿತು, ಮನ್ನಿಸಬೇಕು.

ಇನ್ನು ರಾಜಕಾರ್ಯ. 1984ರ ಆ ಎರಡು ಬಾಗಿಲಿನ ಜಪಾನೀ ಟರ್ಬೊ ಕಾರು, ಅಂದರೆ ಅಮ್ಮ ರಾಯಭಾರ ಕಚೇರಿಯೊಂದರ ಹರಾಜಿನಲ್ಲಿ ಹಿಡಿದು, ಮಕ್ಕಳಿಗೆ ಗಣಿತ ಹೇಳಿಕೊಡಲು ಇಪ್ಪತ್ತು ವರ್ಷ ಅದರಲ್ಲೇ ಶಾಲೆಗೆ ಹೋದ ಕಾರು, ಈಗ ನಮ್ಮ ಬಿಲ್ಡಿಂಗಿನ ಕೆಳಗೆ ಬೂದು ಹೊದಿಕೆಯೊಳಗೆ ನಿಂತಿದೆ. ಆಗಸ್ಟ್ ಮೊದಲ ಭಾನುವಾರ ಅದರ ಎಂಜಿನ್ ಸತ್ತದ್ದು ನಿಮಗೆ ಗೊತ್ತೇ ಇದೆ. ಅದಕ್ಕೆ ಮುಂದೆ ಯಾವ ಎಂಜಿನ್ ಕಟ್ಟೋಣ ಎಂದು ಕೇಳಿದ್ದೀರಿ. ನಿಮ್ಮ ಫೈಲಿಗೆ ಎಂಜಿನ್ ನಂಬರಿನ ಮೇಲೆ ಕಾಗದವಿಟ್ಟು ಉಜ್ಜಿದ ಪೆನ್ಸಿಲ್ ಮುದ್ರೆಯನ್ನೂ ಕೇಳಿದ್ದೀರಿ. ಮುದ್ರೆಯನ್ನು ಲಗತ್ತಿಸಿದ್ದೇನೆ. ಮೊದಲನೆಯದಕ್ಕೆ ನನ್ನ ನಮ್ರ ಅಭಿಪ್ರಾಯ: ಹಳೆಯದನ್ನು ಬಿಚ್ಚುವುದೇ ಬೇಡ. ಹೊಸದೊಂದನ್ನು ಹುಡುಕೋಣ.

ಇಂತಿ ನಿಮ್ಮ ಪಾದಧೂಳಿ ಮತ್ತು ಆಯಿಲ್ ಕಲೆ,
ಧನುಷ್

*

ಬೆಳಗಾವಿ
21 ಫೆಬ್ರವರಿ 2025

ತಮ್ಮಾ ಧನುಷ್,

ನಿನ್ನ ಬಿರುದುಗಳು ಚೆನ್ನಾಗಿದ್ದವು. ಲೇಥಿನ ಮುಂದೆ ನಿಂತಿದ್ದವರಿಗೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ಹಾಗಾಗಿ ಆಗಸ್ಟ್ 29ನ್ನೂ ಗಟ್ಟಿಯಾಗಿಯೇ ಓದಿಬಿಟ್ಟೆ. ಆಮೇಲೆ ಮಷೀನು ಬಂದ್ ಮಾಡಿದೆವು.

ನಿನ್ನಂತೆ ಬರೆಯಲು ನನಗೆ ಬರುವುದಿಲ್ಲ. ನಿನ್ನ ಅಮ್ಮ ಇಪ್ಪತ್ತೆಂಟು ವರ್ಷ ನನಗೆ ಪತ್ರ ಬರೆದಳು. ಮುಖ ನೋಡಿದ್ದು ಮೂರೇ ಸಲ. ಫೋನು ಯಾಕೆ ಮಾಡಲಿಲ್ಲ ಎಂದು ನೀನು ಕೇಳಬಹುದು. ನಾನು ಎಂಜಿನ್ನಿನ ಮಾತು ಫೋನಿನಲ್ಲಿ ಆಡುವುದಿಲ್ಲ. ಫೋನಿನಲ್ಲಿ ಹೇಳಿದ ಅಳತೆಯನ್ನು ಆಮೇಲೆ ಯಾರೂ ಒಪ್ಪಿಕೊಳ್ಳುವುದಿಲ್ಲ. ನನ್ನ ಶೆಡ್ಡಿನಲ್ಲಿ ಒಂದೊಂದು ಎಂಜಿನ್ನಿಗೂ ಒಂದೊಂದು ಫೈಲು. ಎಲ್ಲ ಕಾಗದದ ಮೇಲೆ. ಅವಳಿಗೆ ಅದು ಹಿಡಿಸಿತ್ತು.

ನೀನು ಕಳಿಸಿದ ಪೆನ್ಸಿಲ್ ಮುದ್ರೆ ಅಡುಗೆ ಗ್ಯಾಸಿನ ಸಿಲಿಂಡರಿನದು. ಒಂದೇ ಸಿಲಿಂಡರಿನ ಎಂಜಿನ್ ನಾನು ಕಟ್ಟುವುದಿಲ್ಲ. ನಗು ಬಂತು, ನಕ್ಕೆ. ಈಗ ಬಾನೆಟ್ ಎತ್ತಿ ಸರಿಯಾದದ್ದನ್ನು ಕಳಿಸು. ತೆಳು ಕಾಗದ, ಮೆತ್ತನೆ ಪೆನ್ಸಿಲು.

ಇನ್ನೊಂದು. ಯಾವ ಎಂಜಿನ್ ಅನ್ನುವುದಕ್ಕೆ ಮೊದಲು ಅದನ್ನು ಓಡಿಸುವವರು ಯಾರು ಅಂತ ಬರಿ.

ಅಪ್ಪನ ಊಟ ಹೇಗೆ ನಡೆದಿದೆ?

ಶಂಕರ

*

ಗುರುಗ್ರಾಮ
2 ಮಾರ್ಚ್ 2025

ಗ್ಯಾಸ್‌ಸಿಲಿಂಡರ್ ರಹಸ್ಯಭೇದಕ, ತ್ರಿಕಾಲಜ್ಞ ಶಂಕರ ಮಾಮ ಅವರ ಅಮೃತಹಸ್ತಗಳಿಗೆ,

ನಿನ್ನೆ ಮಾಯಾಪುರಿಯ ಹಳೆಯ ಬಿಡಿಭಾಗಗಳ ಸಂತೆಯಲ್ಲಿ ನಮ್ಮ ಕಾರಿಗೆ ಸ್ವಯಂವರ ಏರ್ಪಡಿಸಿದ್ದೆ. ಬಂದ ವರರ ವಿವರ ಹೀಗಿದೆ.

ಮೊದಲನೆಯವನು ಜಪಾನಿನ ರಾಜಕುಮಾರ. ಮೂರು ಲೀಟರು, ಸಾಲಾಗಿ ಆರು ಸಿಲಿಂಡರು, ಎರಡು ಟರ್ಬೊ. ಟಾರ್ಪಾಲಿನ ಮೇಲೆ ಮಲಗಿದ್ದ. ಅಂಗಡಿಯ ಭಯ್ಯಾ ಅವನ ಹೊಟ್ಟೆ ತಟ್ಟಿ, "ಸಾಬ್, ರಾಕೆಟ್ ಹೈ, ರಾಕೆಟ್" ಎಂದ. ಓಡಿಸಿ ತೋರಿಸು ಅಂದೆ. "ರಾಕೆಟ್ ಕೋ ಕೌನ್ ಸ್ಟಾರ್ಟ್ ಕರ್ಕೆ ದಿಖಾತಾ ಹೈ?" ಎಂದ. ಒಪ್ಪತಕ್ಕ ಮಾತು, ರಾಕೆಟ್ಟನ್ನು ಯಾರು ಸ್ಟಾರ್ಟ್ ಮಾಡಿ ತೋರಿಸುತ್ತಾರೆ.

ಎರಡನೆಯವನು ಅಲ್ಯುಮಿನಿಯಮ್ಮಿನ ಎರಡು ಲೀಟರಿನವನು. ಯಾವುದೋ ಸಂಸಾರಸ್ಥ ಕಾರಿನಿಂದ ಇಳಿದು ಬಂದವನು, ಹಗುರ, ಮರ್ಯಾದಸ್ಥ, ದುಶ್ಚಟಗಳಿಲ್ಲ. ಟರ್ಬೊ ನಾವೇ ಕಟ್ಟಿಕೊಡಬೇಕು.

ಮೂರನೆಯದು ಎಂಜಿನ್ನೇ ಅಲ್ಲ, ವಿದ್ಯುತ್ ಮೋಟಾರು. ಹೊಗೆಯಿಲ್ಲ, ಸದ್ದಿಲ್ಲ. ರಾತ್ರಿ ಚಾರ್ಜಿಗೆ ಹಾಕಿದರೆ ಬೆಳಿಗ್ಗೆ ಎದ್ದು ಮಾತಿಲ್ಲದೆ ಕೆಲಸಕ್ಕೆ ಹೋಗುತ್ತದೆ. ನನಗೆ ಇದರ ಮೇಲೆ ಒಲವು ಜಾಸ್ತಿ. ಸುಮಾರು ನನ್ನ ಹಾಗೆಯೇ ಇದೆ.

ಅಪ್ಪನ ಸಲಹೆಯನ್ನೂ ಕೇಳಿದೆ.

"ಅಪ್ಪ, ಯಾವ ಎಂಜಿನ್ ಹಾಕಿಸೋಣ?"

"ಯಾತಕ್ಕೆ?"

"ಅಮ್ಮನ ಕಾರಿಗೆ."

"ಅಚ್ಛಾ."

ಆ ವಾರ ನಮ್ಮಿಬ್ಬರ ನಡುವೆ ನಡೆದ ಅತಿ ದೀರ್ಘ ಸಂಭಾಷಣೆ ಅದು. ಊಟ ಮಾಡುತ್ತಾರೆ. ಎರಡು ಚಪಾತಿ, ಮೊಸರು. ಎದುರಿಗಿಟ್ಟರೆ ಮೂರನೆಯದನ್ನೂ ತಿನ್ನುತ್ತಾರೆ, ಇಡದಿದ್ದರೆ ಕೇಳುವುದಿಲ್ಲ.

ಓಡಿಸುವವರು ಯಾರು ಎಂದಿರಿ. ಗೊತ್ತಿಲ್ಲ. ಅಮ್ಮ ಹೋದಾಗ ಆಫೀಸಿನಲ್ಲಿ ರಜೆ ಹಾಕಲು ಕಂಪ್ಯೂಟರಿನಲ್ಲಿ ಕಾರಣ ಆರಿಸಬೇಕಿತ್ತು. ಮದುವೆ, ಮನೆ ಬದಲಾವಣೆ, ಸಾವು, ಇತರೆ. ನಾನು ತಪ್ಪಿ 'ಮನೆ ಬದಲಾವಣೆ' ಒತ್ತಿದೆ. ಒಂದೇ ದಿನದ ರಜೆ ಸಿಕ್ಕಿತು. ಸರಿಪಡಿಸಲು ಹೋಗಲಿಲ್ಲ. ಎರಡನೆಯ ದಿನ ಆಫೀಸಿಗೆ ಹೋದೆ, ಹೊಸ ಮನೆ ಹೇಗಿದೆ ಎಂದು ಎಲ್ಲರೂ ಕೇಳಿದರು. ಚೆನ್ನಾಗಿದೆ ಎಂದೆ. ನೀರು ಬರುತ್ತಾ ಎಂದರು. ಬರುತ್ತೆ ಎಂದೆ.

ಪೆನ್ಸಿಲ್ ಮುದ್ರೆ ಕಳಿಸಲಾಗುತ್ತಿಲ್ಲ. ಬಾನೆಟ್ಟಿನ ಹಿಡಿ ತುಕ್ಕು ಹಿಡಿದು ಕೂತಿದೆ, ಏಳುತ್ತಿಲ್ಲ.

ಇಂತಿ ಸ್ವಯಂವರದ ಪುರೋಹಿತ,
ಧನುಷ್

*

ಬೆಳಗಾವಿ
15 ಮಾರ್ಚ್ 2025

ತಮ್ಮಾ,

ನಿನ್ನ ವರರನ್ನು ನೋಡಿದೆ. ಒಬ್ಬೊಬ್ಬರಾಗಿ ಹೇಳುತ್ತೇನೆ.

ಆರು ಸಿಲಿಂಡರಿನದು ಒಳ್ಳೆಯ ಎಂಜಿನ್, ಆದರೆ ಈ ಕಾರಿನ ಮೂಗಿಗೆ ಉದ್ದವಾಯಿತು. ಎಂಬತ್ತು ಕಿಲೋ ಮುಂದೆ ಬೀಳುತ್ತದೆ. ತಿರುವಿನಲ್ಲಿ ಗಾಡಿ ಸ್ಟೀರಿಂಗಿನ ಮಾತು ಕೇಳುವುದಿಲ್ಲ. ಅದರ ಬಲಕ್ಕೆ ಗೇರ್‌ಬಾಕ್ಸ್ ಬದಲಿಸಬೇಕು, ಆಮೇಲೆ ಹಿಂದಿನ ಆಕ್ಸಲ್, ಆಮೇಲೆ ಬ್ರೇಕು. ಕೊನೆಗೆ ನಿನ್ನ ಅಮ್ಮನ ಕಾರಿನದು ಅಂತ ಉಳಿಯುವುದು ಎರಡು ಬಾಗಿಲು ಮಾತ್ರ.

ಅಲ್ಯುಮಿನಿಯಮ್ಮಿನದು ಟರ್ಬೊಗೆ ಹುಟ್ಟಿದ್ದಲ್ಲ. ಟರ್ಬೊ ಅಂದರೆ ಎಂಜಿನ್ನಿನ ಬಾಯಿಗೆ ಗಾಳಿ ತುರುಕುವುದು. ತುರುಕಿದ ಗಾಳಿಗೆ ತಕ್ಕಂತೆ ಪಿಸ್ಟನ್ ಗಟ್ಟಿ ಇರಬೇಕು, ಒಳಗಿನ ಒತ್ತಡ ಮೊದಲೇ ಕಡಿಮೆ ಇಟ್ಟು ಕಟ್ಟಿರಬೇಕು. ದೆಹಲಿಯ ಮೇ ತಿಂಗಳಿನಲ್ಲಿ ಆ ಸಭ್ಯ ಹುಡುಗ ಎರಡೇ ವಾರಕ್ಕೆ ಮಲಗುತ್ತಾನೆ. ಮೋಟಾರಿನ ಕೆಲಸ ನನಗೆ ಗೊತ್ತಿಲ್ಲ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನುತ್ತೇನೆ.

ನಾಲ್ಕನೆಯದನ್ನು ನೀನು ಬರೆಯಲೇ ಇಲ್ಲ. ಹಳೆಯದು. ಬೀಡು ಕಬ್ಬಿಣದ ಬ್ಲಾಕು, ದಪ್ಪ ಗೋಡೆ, ಸಿಲಿಂಡರಿನ ತೂತನ್ನು ಇನ್ನೂ ಎರಡು ಸಲ ಕೊರೆದು ದೊಡ್ಡದು ಮಾಡಬಹುದು. ಎಂಜಿನ್ ನಂಬರು ಬದಲಾಗುವುದಿಲ್ಲ, ಕಾಗದಪತ್ರದ ತೊಂದರೆ ಇಲ್ಲ. ಹರೆಯದವನು, ನಿನಗೆ ಜೋರು ಬೇಕಾಗಿರಬೇಕು ಅಂತ ಕಾಣುತ್ತದೆ. ಜೋರನ್ನು ಇದರಲ್ಲೇ ಕೊಡುತ್ತೇನೆ. ಆದರೆ ಹಳೆಯದನ್ನು ತೆರೆದು ನೋಡದೆ ಮುಂದಿನದನ್ನು ಆರಿಸುವ ಪದ್ಧತಿ ನಮ್ಮಲ್ಲಿ ಇಲ್ಲ. ಅದು ಯಾತಕ್ಕೆ ಸತ್ತಿತು ಅಂತ ಗೊತ್ತಾಗದಿದ್ದರೆ ಹೊಸದೂ ಅದಕ್ಕೇ ಸಾಯುತ್ತದೆ. ಕಳಿಸು, ಬಿಚ್ಚಿ ನೋಡೋಣ.

ಬಾನೆಟ್ಟಿನ ಹಿಡಿ ತುಕ್ಕು ಹಿಡಿದಿದೆ ಎಂದೆ. ಆ ಹಿಡಿಯನ್ನು 2011ರಲ್ಲಿ ನಾನೇ ಹಿತ್ತಾಳೆಯಲ್ಲಿ ಮಾಡಿ ಹಾಕಿದ್ದು. ಹಿತ್ತಾಳೆಗೆ ತುಕ್ಕು ಹಿಡಿಯುವುದಿಲ್ಲಪಾ.

ಶಂಕರ

*

ಗುರುಗ್ರಾಮ
20 ಏಪ್ರಿಲ್ 2025

ಮಹಾಮಂಡಲೇಶ್ವರ ಶಂಕರ ಮಾಮ ಅವರಿಗೆ,

ಒಂದು ತಿಂಗಳು ಬರೆಯಲಿಲ್ಲ. ಕೆಲಸ ಇತ್ತು ಎಂದು ಬರೆಯಬಹುದಿತ್ತು. ಕೆಲಸ ಇರಲಿಲ್ಲ.

ನಮ್ಮ ಕಾಲೊನಿಯ ಸಂಘದವರು ನೋಟಿಸ್ ಅಂಟಿಸಿದ್ದಾರೆ: ಓಡದ ಹಳೆಯ ವಾಹನಗಳನ್ನು ಜುಲೈ ಹತ್ತರೊಳಗೆ ತೆಗೆಯಬೇಕು, ಇಲ್ಲದಿದ್ದರೆ ಗುಜರಿಗೆ. ಹದಿನೈದು ವರ್ಷ ದಾಟಿದ ಪೆಟ್ರೋಲ್ ಕಾರು ಇಲ್ಲಿ ಓಡುವಂತಿಲ್ಲ, ಹಾಗಾಗಿ ಅಮ್ಮ ಇದ್ದಾಗಲೂ ಆ ಕಾರಿಗೆ ದೆಹಲಿಯ ರಸ್ತೆಯ ಮೇಲೆ ಹಕ್ಕೇನೂ ಉಳಿದಿರಲಿಲ್ಲ. ಭಾನುವಾರ ಬೆಳಿಗ್ಗೆ ಆರಕ್ಕೆ, ಪೊಲೀಸರು ಚಹಾ ಕುಡಿಯುವ ಹೊತ್ತಿಗೆ ಹೋಗಿ ಬಂದುಬಿಡುತ್ತಿದ್ದಳು. ಗುಜರಿಯವನನ್ನು ಅಪ್ಪ ಒಮ್ಮೆ ಕರೆಸಿಯೂ ಆಗಿತ್ತು. ನಾನು ಬೇಡ ಎನ್ನಲಿಲ್ಲ. ಅದೂ ಒಂದು ದಾರಿ ಅನ್ನಿಸಿತು.

ನಿನ್ನೆ ಶನಿವಾರ ಗುರುಗ್ರಾಮದ ರೂಮಿನಿಂದ ಮನೆಗೆ ಹೋದರೆ ಕಾರಿನ ಬಾನೆಟ್ ತೆರೆದಿತ್ತು. ಒಳಗೆ ಎಂಜಿನ್ ಇರಲಿಲ್ಲ. ನಾಲ್ಕು ತಂತಿ ನೇತಾಡುತ್ತಿದ್ದವು, ಕೆಳಗೆ ನೆಲ ಕಾಣುತ್ತಿತ್ತು. ಅಪ್ಪ ಮೇಲೆ ಬೀನ್ಸ್ ಹೆಚ್ಚುತ್ತಿದ್ದರು.

"ಅಪ್ಪ, ಎಂಜಿನ್ ಎಲ್ಲಿ?"

"ಬೆಳಗಾವಿಗೆ ಹೋಯ್ತು. ಲಾರೀಲಿ. ಮಾಯಾಪುರಿಯವನು ಬಂದು ಇಳಿಸಿಕೊಟ್ಟ."

"ಯಾಕೆ?"

"ಬಿಚ್ಚಿ ನೋಡಬೇಕು ಅಂತ ಅವರು ಬರೆದಿದ್ದಾರಲ್ಲ. ಕಾಗದ ನಿನ್ನ ಟೇಬಲ್ ಮೇಲಿತ್ತು."

"ನನ್ನ ಕಾಗದ ಓದಿದಿರಾ?"

"ಕನ್ನಡದಲ್ಲಿತ್ತು. ಓದಿದೆ."

ಆಮೇಲೆ ಬೀನ್ಸಿನ ಕಡೆ ತಿರುಗಿದರು.

ಮಾಮ, ಅದು ಬಂದಾಗ ಪೆಟ್ಟಿಗೆ ಸಮೇತ ಒಂದು ಮೂಲೆಯಲ್ಲಿಟ್ಟುಬಿಡಿ. ಬಿಚ್ಚಬೇಡಿ. ಬೇರೆ ಯಾವುದನ್ನು ಬೇಕಾದರೂ ಕಟ್ಟಿ, ಆ ಸಂಸಾರಸ್ಥ ಹುಡುಗನಾದರೂ ಸರಿ. ನಾನು ಬರೆದದ್ದರಲ್ಲಿ ಇದೊಂದು ತಮಾಷೆಯಲ್ಲ.

ಧನುಷ್

*

ಬೆಳಗಾವಿ
10 ಮೇ 2025

ತಮ್ಮಾ ಧನುಷ್,

ನಿನ್ನ ಪತ್ರ ಬರುವ ಹೊತ್ತಿಗೆ ಎಂಜಿನ್ ಬಿಚ್ಚಿಯಾಗಿತ್ತು.

ಒಂದು, ಎರಡು, ನಾಲ್ಕನೆಯ ಪಿಸ್ಟನ್ ಚೆನ್ನಾಗಿವೆ. ಮೂರನೆಯದರ ಅಂಚು ಕರಗಿ, ಉರಿದು ಬಿಟ್ಟ ಮೇಣದಬತ್ತಿಯ ಹಾಗೆ ಒಂದು ಕಡೆ ವಾಲಿದೆ. ಆಯಿಲ್ ಇತ್ತು, ನೀರಿತ್ತು. ಹಾಗಾದರೆ ಯಾತಕ್ಕೆ ಕರಗಿತು ಅಂತ ಟರ್ಬೊ ಕಡೆ ನೋಡಿದೆ. ಎಷ್ಟು ಗಾಳಿ ತುರುಕಬೇಕು ಅನ್ನುವುದನ್ನು ಅಲ್ಲಿ ಒಂದು ಸಣ್ಣ ಸ್ಕ್ರೂ ತೀರ್ಮಾನಿಸುತ್ತದೆ. ಬಿಗಿ ಮಾಡಿದರೆ ಗಾಳಿ ಹೆಚ್ಚು, ಬಲ ಹೆಚ್ಚು, ಬೆಂಕಿಯೂ ಹೆಚ್ಚು. ಅಳತೆ ಹೊಂದಿಸಿದ ಮೇಲೆ ಸ್ಕ್ರೂ ಮತ್ತು ನಟ್ಟು ಎರಡನ್ನೂ ಸೇರಿಸಿ ಒಂದು ಹಳದಿ ಬಣ್ಣದ ಗೆರೆ ಎಳೆಯುವುದು ನನ್ನ ಅಭ್ಯಾಸ. ಯಾರಾದರೂ ಮುಟ್ಟಿದರೆ ಗೆರೆ ಒಡೆಯುತ್ತದೆ. ಈಗ ಗೆರೆಯ ಅರ್ಧ ನಟ್ಟಿನ ಮೇಲಿದೆ, ಇನ್ನರ್ಧ ಹಿಂಭಾಗಕ್ಕೆ ಹೋಗಿದೆ. ಎಣಿಸಿದೆ. ಒಂದೂವರೆ ಸುತ್ತು.

ಫೈಲಿನಿಂದ ನಿನ್ನ ಅಮ್ಮನ ಕೊನೆಯ ಪತ್ರ ತೆಗೆದೆ. ಆಗಸ್ಟ್ 9ರದ್ದು. ನೀನು ನೋಡಿರಲಾರೆ, ಅದಕ್ಕೆ ಇಲ್ಲಿ ಬರೆಯುತ್ತೇನೆ. "ಎಂಜಿನ್ ನನ್ನ ಕೈಯಲ್ಲೇ ಹೋಯಿತು ಶಂಕರಣ್ಣ. ಮೀಟರಿನ ಮೇಲೆ ಕಣ್ಣಿಡದೆ ಓಡಿಸಿದೆ, ತಪ್ಪು ನನ್ನದೇ. ಅರವತ್ತು ದಾಟಿದ ಮೇಲೆ ಸ್ಟೀರಿಂಗ್ ಬಿಡಬೇಕಿತ್ತೇನೋ."

ಸ್ಕ್ರೂ ಮುಟ್ಟುವ ಹೆಂಗಸಲ್ಲ ಅವಳು. ಟೈರಿನ ಗಾಳಿ ಬದಲಿಸುವುದಿದ್ದರೂ ನನಗೆ ಬರೆದು ಕೇಳುತ್ತಿದ್ದಳು. ಮಾಯಾಪುರಿಯವನು ಇಳಿಸುವಾಗ ಕೈಯಾಡಿಸಿದನೇ? ಹಾಗಿದ್ದರೆ ಬರಿ. ಹಾಗಲ್ಲದಿದ್ದರೂ ಬರಿ.

ಶಂಕರ

*

ವಸಂತ್ ಕುಂಜ್
25 ಮೇ 2025

ಮಾಮ,

ಮಾಯಾಪುರಿಯವನಲ್ಲ. ನಾನು.

ಕಳೆದ ವರ್ಷ ಜುಲೈ 20, ಶನಿವಾರ. ಅಮ್ಮ ನನ್ನನ್ನು ಆಡಿಕೊಂಡಿದ್ದಳು. "ನೀನು ಓಡಿಸೋ ಕಾರಿಗೆ ಗೇರೇ ಇಲ್ಲ, ಅದೇನು ಕಾರೋ, ತೊಟ್ಟಿಲೋ" ಎಂದಳು. ನಾನು ಇಂಟರ್‌ನೆಟ್ಟಿನಲ್ಲಿ ಒಂದು ವಿಡಿಯೋ ನೋಡಿಕೊಂಡು ಕೆಳಗಿಳಿದು ಹೋಗಿ ಆ ಸ್ಕ್ರೂ ತಿರುಗಿಸಿದೆ. ಮರುದಿನ ಅವಳು ಆಕ್ಸಿಲರೇಟರ್ ಒತ್ತಿದಾಗ ಬೆಚ್ಚಿಬೀಳಲಿ, ಸಂಜೆ ಹೇಳಿ ನಗೋಣ, ಅಷ್ಟೇ ಇದ್ದದ್ದು. ಎಷ್ಟು ತಿರುಗಿಸಬೇಕೆಂದು ವಿಡಿಯೋದವನು ಹೇಳಿದ್ದ. ನಾನು ಆ ಭಾಗ ನೋಡದೆ ವಿಡಿಯೋವನ್ನು ಮುಂದಕ್ಕೆ ಓಡಿಸಿಬಿಟ್ಟಿದ್ದೆ.

ಭಾನುವಾರ ಬೆಳಿಗ್ಗೆ ಅವಳು ಹೋಗುವಾಗ ನಾನು ಮಲಗಿದ್ದೆ. ಸಂಜೆ ಹೇಳಲು ಮರೆತೆ. ತಿರುಗಿಸಿದ್ದನ್ನು ವಾಪಸ್ ತಿರುಗಿಸಲೂ ಮರೆತೆ. ಎರಡು ವಾರದ ಮೇಲೆ ಕಾರನ್ನು ಎಳೆದು ತಂದರು. ಅಮ್ಮ ಕ್ರೇನಿನವನ ಪಕ್ಕ ಕೂತು ಬಂದಳು. ಇಳಿದು, "ನಾನೇ ಹಾಳು ಮಾಡಿಬಿಟ್ಟೆ ಕಣೋ" ಎಂದಳು. ನಾನು, "ಇರಲಿ ಬಿಡಮ್ಮ, ಹಳೇ ಗಾಡಿ" ಎಂದೆ. ಹೇಳಲು ಇನ್ನೂ ಇಪ್ಪತ್ತೈದು ದಿನ ಇದ್ದವು. ಎಷ್ಟಿವೆ ಅಂತ ಆಗ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಅವಳು ತರಕಾರಿಗೂ ಆಟೋದಲ್ಲಿ ಹೋದಳು.

ನನಗೆ ಅಳು ಬಂದಿಲ್ಲ. ಆಗಲೂ ಬರಲಿಲ್ಲ, ಇದನ್ನು ಬರೆಯುವಾಗಲೂ ಬರುತ್ತಿಲ್ಲ. ಕೈ ಜೋಮು ಹಿಡಿದಾಗ ಅದು ಬೇರೆ ಯಾರದೋ ಕೈ ಅನ್ನಿಸುತ್ತದಲ್ಲ, ಹಾಗಿದೆ. ಒಂಬತ್ತು ತಿಂಗಳಾಯಿತು.

ಇನ್ನು ಎಂಜಿನ್ ಕಟ್ಟುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ಗುಜರಿಗೆ ಹಾಕಿ ಎಂದರೂ ಹಾಕುತ್ತೇನೆ.

ಧನುಷ್

*

ಬೆಳಗಾವಿ
12 ಜೂನ್ 2025

ತಮ್ಮಾ ಧನುಷ್,

ನಿನ್ನ ಪತ್ರ ಬಂದು ಹತ್ತು ದಿನ ಆಯಿತು. ಎಂಜಿನ್ನನ್ನು ಮತ್ತೆ ಪೂರ್ತಿ ನೋಡದೆ ಉತ್ತರ ಬರೆಯಬಾರದು ಅಂತ ತಡ ಮಾಡಿದೆ.

ಒಂದು ವಿಷಯ ನಿನಗೆ ಗೊತ್ತಿಲ್ಲ. ಆ ಸ್ಕ್ರೂ ಸುಳ್ಳು. ನಿನ್ನ ಅಮ್ಮ ಪ್ರತಿ ಪತ್ರದಲ್ಲೂ ಇನ್ನು ಸ್ವಲ್ಪ ಗಾಳಿ ಕೊಡಿ, ಇನ್ನು ಸ್ವಲ್ಪ ಜೋರು ಕೊಡಿ ಅಂತ ಜೀವ ತಿನ್ನುತ್ತಿದ್ದಳು. ಬೇಸತ್ತು 2011ರಲ್ಲಿ ಒಂದು ಬರೀ ಸ್ಕ್ರೂ ಕೂಡಿಸಿ, ಬೇಕಾದಾಗ ತಿರುಗಿಸಿಕೋ ತಂಗಿ ಅಂದೆ. ಅದಕ್ಕೆ ಯಾವ ಪೈಪೂ ಸೇರಿಲ್ಲ. ಒಂದೂವರೆ ಸುತ್ತಲ್ಲ, ಹದಿನೈದು ಸುತ್ತು ತಿರುಗಿಸಿದರೂ ಏನೂ ಆಗುವುದಿಲ್ಲ. ಹಳೆಯ ಮೆಕ್ಯಾನಿಕ್ಕರು ಹಟದ ಗಿರಾಕಿಗಳಿಗೆ ಹೀಗೆ ಮಾಡುವುದುಂಟು.

ಕರಗಿದ್ದಕ್ಕೆ ಕಾರಣ ಬೇರೆ. ಮೂರನೆಯ ಸಿಲಿಂಡರಿಗೆ ಪೆಟ್ರೋಲು ಚಿಮುಕಿಸುವ ತೂತಿನಲ್ಲಿ ಕಸ ಕಟ್ಟಿತ್ತು. ಪೆಟ್ರೋಲು ಸಾಲದೆ ಕಾದು ಕರಗಿತು. ಅವಳದ್ದೂ ತಪ್ಪಲ್ಲ, ನಿನ್ನದೂ ಅಲ್ಲ. ಫೈಲಿನಲ್ಲಿ ಹಾಗೇ ಬರೆದಿದ್ದೇನೆ.

ಈಗ ನೀನು ಆರಿಸಬೇಕು. ಇದೇ ಬ್ಲಾಕನ್ನು ಅರ್ಧ ಮಿಲಿಮೀಟರ್ ಕೊರೆದು, ಬಡಿದು ಮಾಡಿದ ಗಟ್ಟಿ ಪಿಸ್ಟನ್ ನಾಲ್ಕು ಹಾಕಿ ಕಟ್ಟಬಹುದು. ಇಲ್ಲ, ನಿನಗೆ ಇದರ ಮುಖ ನೋಡುವುದೇ ಬೇಡವಾದರೆ ಅದನ್ನೂ ಬರಿ, ಬೇರೆಯದನ್ನು ಹುಡುಕುತ್ತೇನೆ. ನೀನು ಹೇಳುವವರೆಗೆ ಕೊರೆಯುವುದಿಲ್ಲ. ಒಮ್ಮೆ ಕೊರೆದ ಮೇಲೆ ಹಿಂದೆ ಹೋಗಲು ಬರುವುದಿಲ್ಲ.

ಕಾರನ್ನೂ ಇಲ್ಲಿಗೆ ಕಳಿಸಿಬಿಡಿ. ಇಲ್ಲಿ ಅದಕ್ಕೆ ರಸ್ತೆ ಇದೆ.

ಶಂಕರ

*

ವಸಂತ್ ಕುಂಜ್
29 ಜೂನ್ 2025

ಸ್ವಸ್ತಿ! ಸಮಸ್ತ ಶೆಡ್ ಸಾರ್ವಭೌಮ, ಸುಳ್ಳುಸ್ಕ್ರೂ ಸೃಷ್ಟಿಕರ್ತ, ಅಭಯಹಸ್ತ ಶಂಕರ ಮಾಮ ಅವರ ದಿವ್ಯ ಸಮ್ಮುಖಕ್ಕೆ,

ಅಪ್ಪ ಮತ್ತು ಮಗ, ಇಬ್ಬರೇ ಸದಸ್ಯರಿರುವ ರಾಜಸಭೆಯು ಊಟದ ಮೇಜಿನ ಸುತ್ತ ಸೇರಿ ಸರ್ವಾನುಮತದಿಂದ ಗೊತ್ತುವಳಿ ಅಂಗೀಕರಿಸಿದೆ: ಹಳೆಯ ಎಂಜಿನ್ನನ್ನೇ ಕಟ್ಟತಕ್ಕದ್ದು. ಅರ್ಧ ಮಿಲಿಮೀಟರ್ ಕೊರೆಯತಕ್ಕದ್ದು. ಗಾಳಿ ನಿಮ್ಮ ಹಳೆಯ ಅಳತೆಯಷ್ಟೇ, ಒಂದು ಕೂದಲೆಳೆಯೂ ಹೆಚ್ಚಲ್ಲ.

ಚರ್ಚೆಯ ಅಧಿಕೃತ ವರದಿ ಹೀಗಿದೆ.

"ಅಪ್ಪ, ಹಳೇದೇ ಕಟ್ಟಿಸೋಣ ಅಂತಿದೀನಿ."

"ಕಟ್ಟಿಸು."

"ಬೆಳಗಾವೀಲಿ ಓಡಿಸಬಹುದಂತೆ. ಬರ್ತೀರಾ?"

"ಅದರಲ್ಲಿ ಎಸಿ ಕೆಲಸ ಮಾಡುತ್ತಾ?"

"ಇಲ್ಲ. ಎಂದೂ ಮಾಡಿಲ್ಲ."

"ಗೊತ್ತು. ಇಪ್ಪತ್ತೆಂಟು ವರ್ಷ ಕೂತಿದೀನಿ" ಎಂದರು. ಆಮೇಲೆ ತಾವಾಗಿಯೇ ಮೂರನೆಯ ಚಪಾತಿ ಹಾಕಿಕೊಂಡರು.

ಕಾರನ್ನು ದೆಹಲಿಯ ಲೆಕ್ಕದಿಂದ ಬಿಡಿಸುವ ಕಾಗದಕ್ಕೆ ಅವರು ಸಹಿ ಹಾಕಿದ್ದಾರೆ. ಜುಲೈ 5ಕ್ಕೆ ಲಾರಿ ಬರುತ್ತದೆ. ಆ ಕಾಗದಕ್ಕೆ ಬೇಕಾದ ಚಾಸಿ ನಂಬರಿನ ಪೆನ್ಸಿಲ್ ಮುದ್ರೆಯನ್ನು ಈ ಸಲ ನಾನೇ ಕಾರಿನೊಳಗೆ ಬಗ್ಗಿ ಉಜ್ಜಿದ್ದೇನೆ. ನಿಮ್ಮ ಫೈಲಿಗೂ ಒಂದು ಪ್ರತಿ ಇಟ್ಟಿದ್ದೇನೆ. ಹೊಸದಾಗಿ ಕಟ್ಟಿದ ಎಂಜಿನ್ನನ್ನು ಮೊದಲ ಸಾವಿರ ಕಿಲೋಮೀಟರ್ ಮೆಲ್ಲಗೆ ಓಡಿಸಬೇಕಂತೆ, ಅದನ್ನು ನಾನು ಓಡಿಸುತ್ತೇನೆ. ಕ್ಲಚ್ಚಿನ ಕಾರು ಕಲಿಸಲು ಇಲ್ಲೊಬ್ಬ ಭಯ್ಯಾ ಸಿಕ್ಕಿದ್ದಾನೆ. ನಿನ್ನೆ ಎಂಟು ಸಲ ಬಂದ್ ಬಿತ್ತು. "ಚಲೋ ಕೋಯಿ ಬಾತ್ ನಹೀ", ಪರವಾಗಿಲ್ಲ ಎಂದು ಎಂಟು ಸಲವೂ ಹೇಳಿದ, ಎಂಟನೆಯ ಸಲ ಹಲ್ಲು ಕಚ್ಚಿಕೊಂಡು.

ಸುಳ್ಳು ಸ್ಕ್ರೂವಿನ ವಿಷಯ ಓದಿ ಮನಸ್ಸು ಹಗುರಾಯಿತು ಎಂದು ಫೈಲಿನಲ್ಲಿ ಬರೆದುಕೊಳ್ಳಿ. ಸುಳ್ಳು ಸ್ಕ್ರೂಗೆ ಯಾಕೆ ಹಳದಿ ಗೆರೆ ಎಳೆದಿರಿ ಎಂದು ರಾಜಸಭೆ ನಿಮ್ಮನ್ನು ಕೇಳುವುದಿಲ್ಲ. ನಿಮ್ಮ ಮೇ ತಿಂಗಳ ಪತ್ರದಲ್ಲಿ ಸ್ಕ್ರೂ ಮುಟ್ಟದ ಹೆಂಗಸಾಗಿದ್ದವಳು ಜೂನಿನ ಪತ್ರದಲ್ಲಿ ಹೇಗೆ ಜೀವ ತಿನ್ನುವವಳಾದಳು ಎಂದೂ ಕೇಳುವುದಿಲ್ಲ. ಹತ್ತು ದಿನ ಕೂತು ಬರೆದಿದ್ದೀರಿ, ಅಷ್ಟು ಸಾಕು.

ಇಂತಿ ನಿಮ್ಮ ಆಜ್ಞಾಧಾರಕ,
ಧನುಷ್

ಇನ್ನೊಂದು ಸಣ್ಣ ವಿಷಯ. ಸ್ಕ್ರೂ ತಿರುಗಿಸಿದ ಮರುದಿನ, ಆ ಭಾನುವಾರ, ನಾನು ಮಲಗಿರಲಿಲ್ಲ. ಅಮ್ಮ ಬೆಚ್ಚಿಬೀಳುವುದನ್ನು ನೋಡಬೇಕೆಂದು ಪಕ್ಕದ ಸೀಟಿನಲ್ಲಿ ಕೂತು ಹೋಗಿದ್ದೆ. ಫರೀದಾಬಾದ್ ರಸ್ತೆಯಲ್ಲಿ ಅವಳು ಆಕ್ಸಿಲರೇಟರ್ ಒತ್ತಿದಾಗ ನನ್ನ ತಲೆ ಹಿಂದಕ್ಕೆ ಸೀಟಿಗೆ ಬಡಿಯಿತು. ಅವಳು ಜೋರಾಗಿ ನಕ್ಕು, "ಏನು ಮಾಡಿದ್ಯೋ ಇದಕ್ಕೆ?" ಎಂದು ಕೇಳಿದಳು. ಏನೂ ಇಲ್ಲ ಎಂದೆ.